ಮುಂದಿನ ಕೋಚ್ ಯಾರು ಎಂದು ಲಿಂಕನ್ ನಗರ ಕೇಳುತ್ತಿರುವಾಗ

ಲಿಂಕನ್, ನೆಬ್ರಾಸ್ಕಾ, ಅಮೆರಿಕ
ಅಕ್ಟೋಬರ್ 2022

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಓದಿದೆ. ಲಿಂಕನ್‌ಗೆ ಬಂದು ಎರಡು ತಿಂಗಳಾಯಿತು, ಪಾಠ ತಲೆಗೆ ಹತ್ತುತ್ತಿದೆ, ಆದರೆ ಮಧ್ಯಾಹ್ನ ಊಟಕ್ಕೆ ಕುಳಿತರೆ ಪ್ರಯೋಗಾಲಯದವರೆಲ್ಲ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮುಂದಿನ ಕೋಚ್ ಯಾರಾಗಬೇಕು ಎಂಬ ಒಂದೇ ಮಾತಿನಲ್ಲಿ ಮುಳುಗಿರುತ್ತಾರೆ, ನಾನು ಬುತ್ತಿ ನೋಡುತ್ತ ಕೂರುತ್ತೇನೆ ಎಂದು ಬರೆದಿದ್ದೀಯ. ಇಲ್ಲಿ ನೆಲೆಯೂರಬೇಕಾದರೆ ಈ ಆಟವನ್ನು ಕಲಿಯಲೇಬೇಕೇ ಅಕ್ಕಾ ಎಂದು ಕೇಳಿದ್ದೀಯ.

ನಿಯಮಗಳು ನಿಧಾನವಾಗಿ ಬರುತ್ತವೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು ಎಂಬಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು. ಆದರೆ ಆ ಮಾತುಕತೆಯಿಂದ ಮುಖ ತಿರುಗಿಸಬೇಡ. ನಾನು ಬಂದದ್ದು 2003ರ ಆಗಸ್ಟ್‌ನಲ್ಲಿ. ಅದೇ ನವೆಂಬರ್ ಕೊನೆಗೆ ಫ್ರ್ಯಾಂಕ್ ಸೋಲಿಚ್ ಎಂಬ ಕೋಚ್‌ರನ್ನು ತೆಗೆದುಹಾಕಿದರು. ಹನ್ನೆರಡು ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದುಕೊಟ್ಟ ಮನುಷ್ಯ. ಕಚೇರಿಯಲ್ಲಿ ಹಿರಿಯರೊಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಹೇಳುತ್ತಿದ್ದಾಗ ನಾನು, ‘ಹೋಗಲಿ ಬಿಡಿ, ಆಟ ತಾನೇ’ ಎಂದುಬಿಟ್ಟೆ. ಯಾರೂ ಬೈಯಲಿಲ್ಲ. ಮಾತು ಅಲ್ಲಿಗೇ ನಿಂತಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಆ ಖಾಲಿ ಮೇಜು ಈಗಲೂ ಕಣ್ಣ ಮುಂದಿದೆ. ಅವರಿಗೆ ಅದು ಏನಾಗಿತ್ತು ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು.

ಈ ರಾಜ್ಯದಲ್ಲಿ ದೊಡ್ಡ ಲೀಗ್‌ಗಳ ವೃತ್ತಿಪರ ತಂಡ ಒಂದೂ ಇಲ್ಲ. ಇಡೀ ನೆಬ್ರಾಸ್ಕಾದ ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ತುಸು ಕಡಿಮೆ; ಇಷ್ಟೂ ಜನಕ್ಕೆ ಇರುವುದು ಈ ಒಂದು ತಂಡ. ನಮ್ಮೂರ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್‌ನಿಂದ ಈಚೆಗೆ ಟಿಕೆಟ್ ಉಳಿದ ಪಂದ್ಯವೇ ಇಲ್ಲ. ಪಂದ್ಯದ ದಿನ ಆ ಕ್ರೀಡಾಂಗಣವೊಂದೇ ರಾಜ್ಯದ ಮೂರನೆಯ ದೊಡ್ಡ ಊರು ಎನ್ನುತ್ತಾರೆ, ಅದು ಲೆಕ್ಕಕ್ಕೂ ಸರಿ.

ಮತ್ತೆ ಕೋಚ್ ಮೇಲೆಯೇ ಯಾಕೆ ಇಷ್ಟು ಮಾತು? ಆಡುವವರು ವಿದ್ಯಾರ್ಥಿಗಳು, ನಾಲ್ಕೈದು ವರ್ಷಕ್ಕೆ ಹೊರಟುಹೋಗುತ್ತಾರೆ. ಉಳಿಯುವವನು ಕೋಚ್. ಹದಿನೇಳರ ಹುಡುಗನ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕುಳಿತು, ‘ನಿಮ್ಮ ಮಗನನ್ನು ನನ್ನ ಕೈಗೆ ಕೊಡಿ’ ಎಂದು ತಾಯಿಯನ್ನು ಒಪ್ಪಿಸುವವನು ಅವನೇ. ನನ್ನ ಊರು ಹೊನ್ನಾವರದ ಕಡೆ ಯಕ್ಷಗಾನ ಮೇಳಕ್ಕೆ ಈ ವರ್ಷ ಭಾಗವತರು ಯಾರು ಎಂದು ಮಳೆಗಾಲವಿಡೀ ಚಹಾ ಅಂಗಡಿಯಲ್ಲಿ ವಾದಿಸುತ್ತಿದ್ದರು. ವೇಷ ಕಟ್ಟುವವರು ಬದಲಾದರೂ ಆಟ ನಡೆಸುವವರು ಸರಿಯಿರಬೇಕು ಎಂಬ ನಂಬಿಕೆ ಅದು. ಇಲ್ಲಿಯದೂ ಅದೇ.

ಈ ಸಲದ ನೋವು ಮಾತ್ರ ಬೇರೆ. ಟಾಮ್ ಆಸ್ಬರ್ನ್ 1973ರಿಂದ 1997ರವರೆಗೆ ಕೋಚ್ ಆಗಿದ್ದರು. 255 ಗೆಲುವು, ಮೂರು ರಾಷ್ಟ್ರೀಯ ಪ್ರಶಸ್ತಿ. ಅವರ ಕೊನೆಯ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಅಂಗಳದಲ್ಲಿ ದಾಳಿ ನಡೆಸುವ ಆಟಗಾರ, ಸ್ಕಾಟ್ ಫ್ರಾಸ್ಟ್, ಇದೇ ರಾಜ್ಯದ ವುಡ್ ರಿವರ್‌ನ ಹುಡುಗ. ಸೋಲಿಚ್ ಹೋದ ಮೇಲೆ ಕ್ಯಾಲಹನ್, ಪೆಲೀನಿ, ರೈಲಿ ಬಂದು ಹೋದರು. ಪೆಲೀನಿ ಏಳು ವರ್ಷವೂ ವರ್ಷಕ್ಕೆ ಒಂಬತ್ತು ಪಂದ್ಯಕ್ಕೆ ಕಡಿಮೆಯಿಲ್ಲದಂತೆ ಗೆದ್ದರು, ಅವರನ್ನೂ ಕಳಿಸಿದರು. 2017ರಲ್ಲಿ ಫ್ರಾಸ್ಟ್ ಕೋಚ್ ಆಗಿ ಊರಿಗೆ ಮರಳಿದಾಗ ನಾನೂ ಹಬ್ಬದಂತೆ ಸಂಭ್ರಮಿಸಿದೆ. 16 ಗೆಲುವು, 31 ಸೋಲು. ಕಳೆದ ತಿಂಗಳು, ಸೆಪ್ಟೆಂಬರ್ 10ರಂದು, ಜಾರ್ಜಿಯಾ ಸದರ್ನ್ ತಂಡ ನಮ್ಮ ಅಂಗಳದಲ್ಲೇ 45–42ರಿಂದ ಸೋಲಿಸಿತು. ಮರುದಿನ ಫ್ರಾಸ್ಟ್ ಅವರನ್ನು ತೆಗೆದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ ಪರಿಹಾರ 1.5 ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ಕಾಯುವಷ್ಟೂ ತಾಳ್ಮೆ ಉಳಿದಿರಲಿಲ್ಲ.

ಆ ಭಾನುವಾರ ನಮ್ಮ ಪಕ್ಕದ ಮನೆಯ ಅಜ್ಜ ಗ್ಯಾರೇಜ್ ಬಾಗಿಲು ತೆರೆದಿಟ್ಟು, ರೇಡಿಯೋ ಹಚ್ಚಿಕೊಂಡು ಮಡಚು ಕುರ್ಚಿಯಲ್ಲಿ ಕುಳಿತಿದ್ದರು. ಮಡಿಲಲ್ಲಿ ಕ್ರೀಡಾಂಗಣಕ್ಕೆ ಒಯ್ಯುವ ಕೆಂಪು ದಿಂಬು. ಅವರ ತಂದೆಯದು, ಅಂಚಿನ ಹೊಲಿಗೆಯನ್ನು ಮೂರು ಬಣ್ಣದ ದಾರದಲ್ಲಿ ಮತ್ತೆ ಮತ್ತೆ ಹಾಕಿದ್ದಾರೆ. ‘ಅವನು ನಮ್ಮ ಹುಡುಗನಾಗಿದ್ದ’ ಎಂದರು, ಅಷ್ಟೇ. ನಾನು ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ನಿನ್ನ ಪ್ರಕಾರ ಯಾರು ಬರಬೇಕು?’ ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಪೌರತ್ವದ ಪ್ರಮಾಣವಚನ ತೆಗೆದುಕೊಂಡ ದಿನಕ್ಕಿಂತ ಆ ದಿನ ಈ ಊರು ನನ್ನದು ಎನ್ನಿಸಿತು.

ನಾನು ಹೇಳಿದ ಹೆಸರು ಲ್ಯಾನ್ಸ್ ಲೈಪೋಲ್ಡ್. ಸಣ್ಣ ಕಾಲೇಜುಗಳ ಹಂತದಲ್ಲಿ ವಿಸ್ಕಾನ್ಸಿನ್-ವೈಟ್‌ವಾಟರ್ ತಂಡಕ್ಕೆ ಆರು ಪ್ರಶಸ್ತಿ ಗೆದ್ದುಕೊಟ್ಟವರು, ಸೋಲಿಚ್ ಕಾಲದಲ್ಲಿ ಲಿಂಕನ್‌ನಲ್ಲೇ ದುಡಿದವರು. ಎಲ್ಲರೂ ಕೈಬಿಟ್ಟಿದ್ದ ಕ್ಯಾನ್ಸಸ್ ತಂಡ ಈ ವರ್ಷ ಅವರ ಕೈಯಲ್ಲಿ ಮೊದಲ ಐದು ಪಂದ್ಯಗಳನ್ನೂ ಗೆದ್ದಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟುವ ಇಂಥವರು ನಮಗೆ ಬೇಕು. ಅಜ್ಜನಿಗೆ ಹಂಗಾಮಿ ಕೋಚ್ ಮಿಕ್ಕಿ ಜೋಸೆಫ್ ಅವರೇ ಮುಂದುವರಿಯಲಿ ಎಂಬ ಆಸೆ: ಆಸ್ಬರ್ನ್ ಕೈಕೆಳಗೆ ಆಡಿದವರು, ಈ ತಂಡದ ಮೊದಲ ಕಪ್ಪುವರ್ಣೀಯ ಮುಖ್ಯ ಕೋಚ್, ಇಂಡಿಯಾನಾ ಮತ್ತು ರಟ್ಗರ್ಸ್ ವಿರುದ್ಧ ಒಂದರ ಹಿಂದೊಂದು ಗೆದ್ದವರು. ಅಜ್ಜನ ಮಗಳು ಅಯೋವಾ ಸ್ಟೇಟ್ ತಂಡದ ಕೋಚ್ ಮ್ಯಾಟ್ ಕ್ಯಾಂಬೆಲ್ ಎನ್ನುತ್ತಾಳೆ. ಈ ತಿಂಗಳು ವೃತ್ತಿಪರ ಲೀಗ್‌ನಲ್ಲಿ ಕೆಲಸ ಕಳೆದುಕೊಂಡ ಮ್ಯಾಟ್ ರೂಲ್ ಹೆಸರೂ ಈಗ ಎಲ್ಲರ ಬಾಯಲ್ಲಿದೆ. ಟೆಂಪಲ್, ಬೇಲರ್ ವಿಶ್ವವಿದ್ಯಾಲಯಗಳು ಎರಡು ಕಡೆಯೂ ನೆಲಕಚ್ಚಿದ ತಂಡವನ್ನು ಎತ್ತಿ ನಿಲ್ಲಿಸಿದವರು, ಅವರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನನಗೆ ಇರುವ ಭಯ ಒಂದೇ: ಮತ್ತೆ ಹಳೆಯ ವೈಭವದ ಮುಖ ಹುಡುಕಿಕೊಂಡು ಹೋಗಿ, ಬಂದವರಿಗೆ ಎರಡು ವರ್ಷವೂ ಕೊಡದೆ ಕಳಿಸಿಬಿಡುತ್ತಾರೇನೋ ಎಂದು.

ಹಾಗಾಗಿ ನಾಳೆ ಊಟದ ಮೇಜಿನಲ್ಲಿ ಗೊತ್ತಿಲ್ಲದ ಹೆಸರು ಎಸೆಯಲು ಹೋಗಬೇಡ. ‘ನೀವು ನೋಡಿದ ಮೊದಲ ಪಂದ್ಯ ಯಾವುದು, ಯಾರ ಜೊತೆ ಹೋಗಿದ್ದಿರಿ?’ ಎಂದು ಕೇಳು. ಅಪ್ಪನ ಹೆಗಲ ಮೇಲೆ ಕುಳಿತು ಹೋದದ್ದು, ಹೊಲದ ಕಟಾವು ನಿಲ್ಲಿಸಿ ಬಂದದ್ದು ಎಲ್ಲ ಹೊರಬರುತ್ತದೆ. ಈ ತಂಡದ ಹೆಸರು ಹಸ್ಕರ್ಸ್; ಹಸ್ಕರ್ ಎಂದರೆ ಗೋವಿನಜೋಳದ ತೆನೆ ಸುಲಿಯುವವನು ಎಂದರ್ಥ. ಹಾವೇರಿಯ ಹೊಲದಲ್ಲಿ ಬೆಳೆದ ನಿನಗೂ ಅವರಿಗೂ ಅಲ್ಲಿಂದಲೇ ಮಾತು ಶುರುವಾಗಬಹುದು.

ಈ ಶನಿವಾರ ಪಂದ್ಯವಿಲ್ಲ. ದೀಪಾವಳಿ ಮುಗಿದ ಮೇಲೆ 29ಕ್ಕೆ ಇಲಿನಾಯ್ ವಿರುದ್ಧ ಇಲ್ಲೇ ಇದೆ. ಬೆಳಿಗ್ಗೆಯೇ ನಮ್ಮ ಮನೆಗೆ ಬಾ, ಟಿವಿಯಲ್ಲಿ ನೋಡೋಣ. ಕೆಂಪು ಅಂಗಿ ಇಲ್ಲದಿದ್ದರೆ ನನ್ನ ಮಗನದು ನಿನಗಾಗುತ್ತದೆ. ಅಜ್ಜ, ಅವರ ಮಗಳು ಬರುತ್ತಾರೆ. ಚಿಲ್ಲಿ ಎಂಬ ಖಾರದ ಮಾಂಸದ ಸಾರಿನ ಜೊತೆ ದಾಲ್ಚಿನ್ನಿ ಹಾಕಿದ ಸಿಹಿ ಬ್ರೆಡ್ ತಿನ್ನುವುದು ಇಲ್ಲಿಯ ರೂಢಿ. ನಮಗಾಗಿ ಅವಳು ಮಾಂಸದ ಬದಲು ಕೆಂಪು ಹುರುಳಿಕಾಯಿ ಬೀಜ ಹಾಕಿ ಬೇರೆ ಪಾತ್ರೆಯಲ್ಲಿ ಮಾಡಿ ತರುತ್ತಾಳೆ. ನೀನು ಬರುವೆ ಎಂದು ಅಜ್ಜನಿಗೆ ಹೇಳಿದ್ದೇನೆ. ನಿಮ್ಮ ಕಡೆ ತೆನೆಯನ್ನು ಯಾವ ಕಡೆಯಿಂದ ಸುಲಿಯುತ್ತಾರೆ ಎಂದು ಕೇಳಿದ್ದಾರೆ. ತೋರಿಸಲು ಎರಡು ಒಣ ತೆನೆಗಳನ್ನು ತೆಗೆದಿಟ್ಟಿದ್ದಾರೆ.

ನಿನ್ನ ಅಕ್ಕ