ಒಂದೂವರೆ ಗಂಟೆಗೆ ಎಷ್ಟು ಕೇಳಲಿ?

ಪತ್ರ: ಒಂಬತ್ತು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ವಾರಾಂತ್ಯದಲ್ಲಿ ಎರಡು ತಂಡಗಳ ಜೊತೆ ಕಾರ್ಯಕ್ರಮ, ಉಳಿದ ದಿನ ಆಫೀಸು. ನೌಕರಿ ಬಿಟ್ಟು ಪೂರ್ತಿ ಸಂಗೀತಕ್ಕೇ ಇಳಿಯೋಣ ಎಂದಿದೆ. ಸಂಭಾವನೆ ಎಷ್ಟು ಕೇಳಬೇಕೆಂದು ಗೊತ್ತಾಗುವುದಿಲ್ಲ. ಏನು ಹೇಳಿದರೂ ‘ಒಂದೂವರೆ ಗಂಟೆಗೆ ಇಷ್ಟಾ?’ ಎನ್ನುತ್ತಾರೆ. ಹವ್ಯಾಸವನ್ನು ಕಸುಬು ಮಾಡಿಕೊಂಡರೆ ಅದರ ಖುಷಿಯೇ ಹೋಗುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಇಳಿಯುವ ಮುಂಚೆ ಒಂದು ಒಳ್ಳೆಯ ಗಿಟಾರ್ ಕೊಳ್ಳಲೇ?

ಸಂಪಾದಕರ ಉತ್ತರ:

ನಿಮ್ಮ ಮೂರು ಪ್ರಶ್ನೆಗಳಲ್ಲಿ ದುಡ್ಡಿನದನ್ನೇ ಮೊದಲು ಹಿಡಿಯೋಣ. ಉಳಿದೆರಡು ಅದರ ಬೆನ್ನಿಗೇ ಬರುತ್ತವೆ.

‘ಇಷ್ಟಾ?’ ಎಂದವರ ಮೇಲೆ ಸಿಟ್ಟಾಗಬೇಡಿ. ಅವರ ಕಣ್ಣಿಗೆ ಬಿದ್ದದ್ದು ಅಷ್ಟೇ ಹೊತ್ತು. ನೀವಾದರೂ ಪೂರ್ತಿ ಎಣಿಸಿ. ಹೊಸ ತಂಡ, ಹೊಸ 12 ಹಾಡು ಎಂದಿಟ್ಟುಕೊಳ್ಳಿ. ಒಂದು ಹಾಡನ್ನು ಕೇಳಿ, ಬರೆದುಕೊಂಡು, ಕೈಗೆ ಕೂರಿಸಿಕೊಳ್ಳಲು 40 ನಿಮಿಷವೆಂದರೆ 8 ಗಂಟೆ. ತಂಡದೊಡನೆ ಒಂದು ತಾಲೀಮು, 3 ಗಂಟೆ. ಕಾರ್ಯಕ್ರಮದ ದಿನ ಹೋಗಲು 2, ಸಾಮಾನು ಇಳಿಸಿ ಜೋಡಿಸಲು 1, ಸೌಂಡ್ ಚೆಕ್ 1, ಸುಮ್ಮನೆ ಕಾಯುವುದು 2, ನುಡಿಸುವುದು ಒಂದೂವರೆ, ಸುತ್ತಿ ಕಟ್ಟಲು 1, ಮನೆ ಸೇರಲು 2. ಒಟ್ಟು 21.5 ಗಂಟೆ. ಆಫೀಸಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ದಿನದ ಕೆಲಸ.

ಅದೇ ತಂಡ ಮುಂದಿನ ತಿಂಗಳು ಮತ್ತೆ ಕರೆಯಿತು ಅನ್ನಿ. ಹಾಡು ಬರುತ್ತವೆ. ಮೆಲುಕು ಹಾಕಲು 1 ಗಂಟೆ, ತಾಲೀಮು 1 ಗಂಟೆ, ಆ ದಿನದ ಹತ್ತೂವರೆ. 12.5ಕ್ಕೆ ಮುಗಿಯಿತು; ಅದೇ ಸಂಭಾವನೆಗೆ 9 ಗಂಟೆ ಉಳಿಯಿತು. ನುಡಿಸಿಯೇ ಬದುಕುವವರ ಸಂಸಾರ ನಡೆಯುವುದು ಈ ಎರಡನೆಯ ಕರೆಯ ಮೇಲೆ. ಮೊದಲ ಕರೆ ಯಾರದೋ ಶಿಫಾರಸಿಗೆ ಬಂದೀತು. ಎರಡನೆಯದು ಬರುವುದು ನೀವು ಹೋಗಿಬಂದ ರೀತಿಗೆ.

ಇನ್ನು ಕನಿಷ್ಠ ಸಂಭಾವನೆ. ಮನೆಖರ್ಚು, ತಂತಿ, ರಿಪೇರಿ, ತೆರಿಗೆ, ಕಾಯಿಲೆಯಲ್ಲಿ ಕಳೆಯಬಹುದಾದ ಒಂದು ತಿಂಗಳು, ಎಲ್ಲ ಸೇರಿಸಿ ವರ್ಷದ ಖರ್ಚನ್ನು 100 ಎಂದುಕೊಳ್ಳಿ. ಪಾಠದಿಂದ 40, ರೆಕಾರ್ಡಿಂಗ್‌ನಿಂದ 15 ಬಂದರೆ ಉಳಿದ 45 ಕಾರ್ಯಕ್ರಮಗಳಿಂದ ಬರಬೇಕು. ವಾರಾಂತ್ಯದ ಸಂಜೆಗಳು ವರ್ಷಕ್ಕೆ 104 ಇವೆಯೆಂದು 104ರಿಂದ ಭಾಗಿಸಬೇಡಿ. ಎಲ್ಲರೂ ಎಡವುವುದು ಇಲ್ಲೇ. ಎಲ್ಲ ಸಂಜೆಗೂ ಕರೆ ಬರುವುದಿಲ್ಲ, 60ರಿಂದ ಭಾಗಿಸಿ. ಒಂದು ಕಾರ್ಯಕ್ರಮಕ್ಕೆ 0.75, ಅಂದರೆ ವರ್ಷದ ಖರ್ಚಿನ ಶೇಕಡಾ 0.75. ಅದಕ್ಕಿಂತ ಕೆಳಗಿನದಕ್ಕೆ ಒಪ್ಪಿದ ಪ್ರತಿ ಸಲವೂ ಕಾರಣ ಬರೆದಿಡಿ. ಆರು ತಿಂಗಳಾದ ಮೇಲೆ ಆ ಪುಟ ನೀವೇ ಓದಿಕೊಳ್ಳಿ, ನಾವು ಹೇಳುವುದೇನೂ ಉಳಿದಿರುವುದಿಲ್ಲ.

ಮಾತಾದ ಮೇಲೆ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದು ಕಳಿಸಿ, ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ: ದಿನ, ಸ್ಥಳ, ತಲುಪಬೇಕಾದ ಹೊತ್ತು, ವೇದಿಕೆ ಏರುವ ಹೊತ್ತು, ಎಷ್ಟು ನಿಮಿಷ, ಸೌಂಡ್ ಯಾರದು, ಪ್ರಯಾಣದ ಖರ್ಚು ಯಾರದು, ಚಿತ್ರೀಕರಣ ಮಾಡುತ್ತಾರೋ, ಸಂಭಾವನೆ ಎಷ್ಟು, ಅರ್ಧ ಮುಂಗಡ ಯಾವಾಗ, ಉಳಿದರ್ಧ ಯಾರ ಕೈಯಿಂದ. ರದ್ದಾದರೆ ಏನೆಂಬುದೂ ಅಲ್ಲೇ ಇರಲಿ: ಕಾರ್ಯಕ್ರಮಕ್ಕೆ ಎರಡು ವಾರವಿಲ್ಲದಾಗ ರದ್ದಾದರೆ ಅರ್ಧ, ಕೊನೆಯ 48 ಗಂಟೆಯಲ್ಲಾದರೆ ಪೂರ್ತಿ ಎನ್ನುವುದು ಕೇಳಬಹುದಾದ ಷರತ್ತು. ಜಗಳಗಳು ಹೆಚ್ಚಾಗಿ ಹುಟ್ಟುವುದು ಮೊತ್ತದಿಂದಲ್ಲ, ‘ಸೌಂಡ್ ನೀವೇ ತರ್ತೀರ ಅಂದ್ಕೊಂಡಿದ್ವಿ’ ಎಂಬಂಥ ಮಾತಿನಿಂದ.

ಈಗ ತಯಾರಿ. ಹಾಡಿನ ಪಟ್ಟಿ ಬಂದ ಕೂಡಲೇ ಗಿಟಾರ್ ಎತ್ತಿಕೊಳ್ಳಬೇಡಿ. ಕೈಯಲ್ಲಿ ವಾದ್ಯವಿದ್ದರೆ ಕಿವಿ ನಮಗೆ ಬರುವುದನ್ನಷ್ಟೇ ಕೇಳುತ್ತದೆ. ಮೂರು ಸಲ ಬರಿದೇ ಕೇಳಿ: ಮೊದಲ ಸಲ ಹಾಡಿನ ಕಟ್ಟು, ಎರಡನೆಯ ಸಲ ಬೇಸ್ ಗಿಟಾರ್, ಮೂರನೆಯ ಸಲ ನಿಮ್ಮ ಭಾಗ. ಆಮೇಲೆ ಒಂದು ಹಾಡಿಗೆ ಒಂದೇ ಪುಟದ ಚಾರ್ಟ್ ಬರೆಯಿರಿ. ತಲೆಯ ಮೇಲೆ ಶ್ರುತಿ ಮತ್ತು ಟೆಂಪೊ; ಕೆಳಗೆ ಆರಂಭ 8 ಬಾರ್ (ತಾಳದ ಸುತ್ತು), ಪಲ್ಲವಿ 16, ನಡುವಿನ ವಾದ್ಯಭಾಗ 12, ಹೀಗೆ. ಎಲ್ಲರೂ ಒಟ್ಟಿಗೆ ನಿಲ್ಲುವ ಜಾಗಗಳನ್ನು ಕೆಂಪಿನಲ್ಲಿ ಗುರುತು ಮಾಡಿ. ವೇದಿಕೆಯ ಮೇಲೆ ಹಾಡಿನ ನಡುಭಾಗ ಕೆಡುವುದು ಅಪರೂಪ. ಕೆಡುವುದು ಮೂರೇ ಕಡೆ, ಶುರು, ನಿಲುಗಡೆ, ಮುಕ್ತಾಯ. ರೆಕಾರ್ಡಿನಲ್ಲಿ ಹಾಡು ಮೆಲ್ಲಗೆ ಕರಗಿ ಹೋಗುತ್ತಿದ್ದರೆ ವೇದಿಕೆಯಲ್ಲಿ ಹೇಗೆ ಮುಗಿಸುತ್ತೀರೆಂದು ತಾಲೀಮಿನಲ್ಲೇ ಕೇಳಿ. ಕೇಳದಿದ್ದರೆ ಐದು ಜನ ಐದು ಕಡೆ ಮುಗಿಸುತ್ತೀರಿ.

ಗಾಯಕರ ಗಂಟಲು ಆ ದಿನ ಹೇಗಿರುತ್ತದೋ ಯಾರಿಗೆ ಗೊತ್ತು. ‘ಅರ್ಧ ಶ್ರುತಿ ಇಳಿಸೋಣ’ ಎಂಬ ಮಾತು ಸಂಜೆ ಆರಕ್ಕೆ ಬರುತ್ತದೆ. ಆದ್ದರಿಂದ ಚಾರ್ಟಿನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳನ್ನು ಹೆಸರಿನ ಬದಲು ಆ ಶ್ರುತಿಯ ಎಷ್ಟನೆಯ ಸ್ವರದ ಮೇಲಿನದೆಂಬ ಅಂಕಿಯಲ್ಲಿ ಬರೆಯಿರಿ, 1, 4, 5, 6 ಎಂದು. ಶ್ರುತಿ ಎಲ್ಲಿಗೆ ಜಾರಿದರೂ ಕಾಗದ ಬದಲಾಗುವುದಿಲ್ಲ. ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್, ಕ್ಯಾಪೊ, ಇದೆಯಲ್ಲ ಎನ್ನಬಹುದು. ಅದು ಏರಿಸುತ್ತದೆ, ಇಳಿಸುವುದಿಲ್ಲ.

ವೇದಿಕೆಯ ಸಣ್ಣ ಸಂಗತಿಗಳಿಗೆ ದೊಡ್ಡ ಬೆಲೆಯಿದೆ. ತಂತಿಯ ಸದ್ದು ಹಿಡಿಯುವ ಪಿಕಪ್ ಇರುವ ಅಕೂಸ್ಟಿಕ್ ಗಿಟಾರಿನಲ್ಲಿ ಆ ಸದ್ದನ್ನು ಬಲಪಡಿಸುವ ಪ್ರೀಆಂಪ್ ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತದೆ. ಅದರ ಸ್ವಿಚ್ ಜ್ಯಾಕ್‌ನಲ್ಲೇ ಇರುವುದರಿಂದ ಕೇಬಲ್ ತೂರಿಸಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತದೆ. ಸೌಂಡ್ ಚೆಕ್ ಮುಗಿಸಿ ಕೇಬಲ್ ಹಾಗೇ ಬಿಟ್ಟು ಹೋದವರ ಗಿಟಾರ್, ಕಾರ್ಯಕ್ರಮದ ನಡುವೆ ಮೊದಲು ಮಬ್ಬಾಗಿ, ಆಮೇಲೆ ಕರಕರ ಎಂದು, ಕೊನೆಗೆ ಸುಮ್ಮನಾಗುತ್ತದೆ. ಸೌಂಡ್ ಎಂಜಿನಿಯರ್ ಕೇಬಲ್, ಚಾನಲ್ ಎಲ್ಲ ಬದಲಿಸಿ ನೋಡುತ್ತಾರೆ, ತಪ್ಪು ಇರುವುದು ಗಿಟಾರಿನ ಹೊಟ್ಟೆಯಲ್ಲಿ. ಹೊಸ ಬ್ಯಾಟರಿ ಹಾಕಿದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಚೀಲದಲ್ಲಿ ಇನ್ನೊಂದು ಬ್ಯಾಟರಿ, ಒಂದು ಸೆಟ್ ತಂತಿ, ಎರಡು ಕೇಬಲ್, ನಿಮ್ಮದೇ ಒಂದು ಡಿಐ ಬಾಕ್ಸ್ (ಗಿಟಾರನ್ನು ಸೌಂಡ್ ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ), ಪುಟ್ಟ ಟಾರ್ಚ್ ಇರಲಿ. ಹೊಸ ತಂತಿಯನ್ನು ಹಿಂದಿನ ದಿನವೇ ಹಾಕಿ, ಕೈಯಿಂದ ಎಳೆದೆಳೆದು ಶ್ರುತಿ ನಿಲ್ಲಿಸಿ. ಅದೇ ಸಂಜೆ ಹಾಕಿದರೆ ಮೊದಲ ಮೂರು ಹಾಡು ಇಳಿಯುತ್ತಲೇ ಇರುತ್ತದೆ.

ಸೌಂಡ್ ಚೆಕ್‌ನಲ್ಲಿ ಕಾರ್ಯಕ್ರಮದಲ್ಲಿ ಎಷ್ಟು ಬಲವಾಗಿ ನುಡಿಸುತ್ತೀರೋ ಅಷ್ಟೇ ಬಲವಾಗಿ ನುಡಿಸಿ. ನಿಮಗೇ ಕೇಳಿಸಲೆಂದು ನಿಮ್ಮತ್ತ ತಿರುಗಿಸಿಟ್ಟ ಸ್ಪೀಕರೇ ಮಾನಿಟರ್. ಮಾನಿಟರ್‌ನಲ್ಲಿ ‘ಎಲ್ಲಾ ಸ್ವಲ್ಪ ಸ್ವಲ್ಪ’ ಎಂದು ಕೇಳಿದರೆ ಏನೂ ಕೇಳಿಸುವುದಿಲ್ಲ. ಲಯಕ್ಕೆ ಡ್ರಮ್ಸಿನ ಕಿಕ್ ಅಥವಾ ಹೈಹ್ಯಾಟ್, ಶ್ರುತಿಗೆ ಕೀಬೋರ್ಡ್ ಇಲ್ಲವೇ ಬೇಸ್, ಜೊತೆಗೆ ಮುಖ್ಯ ಗಾಯನ, ಸಾಕು. ನೀವೂ ದನಿ ಸೇರಿಸುವವರಾದರೆ ಮೈಕಿನ ಜಾಳಿಗೆಯನ್ನು ಅಂಗೈಯಿಂದ ಮುಚ್ಚಬೇಡಿ. ಹಿಂದಿನ ಸದ್ದನ್ನು ತಡೆಯುವ ಮೈಕಿನ ಶಕ್ತಿ ಇರುವುದು ಆ ಹಿಂಭಾಗದ ಕಿಂಡಿಗಳಲ್ಲಿ. ಮುಚ್ಚಿದರೆ ಅದು ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳತೊಡಗುತ್ತದೆ, ಎದುರಿನ ಮಾನಿಟರ್ ಕೂಗುತ್ತದೆ, ಬೈಗುಳ ಎಂಜಿನಿಯರ್‌ಗೆ. ಅವರ ಹೆಸರು ಕೇಳಿಟ್ಟುಕೊಳ್ಳಿ. ಯಾರನ್ನು ಕರೆಯಬಹುದೆಂದು ಸಂಘಟಕರು ಕೇಳುವುದು ಬಹಳ ಸಲ ಅವರನ್ನೇ.

ಮನೆಯಿಂದಲೇ ರೆಕಾರ್ಡ್ ಮಾಡಿ ಕಳಿಸುವ ಕೆಲಸ ವಾರದ ನಡುವಿನ ಬಿಡುವನ್ನು ತುಂಬುತ್ತದೆ. ಅಲ್ಲಿ ಎರಡನೆಯ ಕರೆ ತಪ್ಪುವುದು ಹೆಚ್ಚಾಗಿ ಕಡತದ ಶಿಸ್ತಿಲ್ಲದೆ. 24 ಬಿಟ್‌ನ ವೇವ್ ಕಡತ, ಅವರ ಪ್ರಾಜೆಕ್ಟ್ ಯಾವ ಸ್ಯಾಂಪಲ್ ರೇಟಿನಲ್ಲಿದೆಯೋ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿಡುತ್ತದೋ) ಅದರಲ್ಲೇ. 44.1 ಕಿಲೋಹರ್ಟ್ಸ್‌ನದನ್ನು 48ರ ಪ್ರಾಜೆಕ್ಟ್ ಪರಿವರ್ತಿಸದೆ ನುಡಿಸಿಬಿಟ್ಟರೆ ವೇಗ ಶೇಕಡಾ 9ರ ಹತ್ತಿರ ಏರಿ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಮೇಲಕ್ಕೆ ಹೋಗುತ್ತದೆ. ನೀವು ನುಡಿಸಿದ್ದು 40ನೆಯ ಬಾರ್‌ನಲ್ಲೇ ಆದರೂ ಕಡತ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ. ಅವರು ಎಳೆದು ತಂದು ಇಟ್ಟರೆ ತಾನಾಗಿ ಕೂರಬೇಕು. ಎಂಪಿ3 ಬೇಡ, ಅದರ ತಲೆಯಲ್ಲಿ ಚಿಟಿಕೆ ಮೌನ ಸೇರಿ ತಾಳ ಹಿಂದೆ ಬೀಳುತ್ತದೆ. ಗರಿಷ್ಠ ಮಟ್ಟ ಮೈನಸ್ 6 ಡೆಸಿಬೆಲ್ ಸುತ್ತ ಇರಲಿ. ರಿವರ್ಬ್ (ಅನುರಣನದ ಎಫೆಕ್ಟ್) ಹಾಕಿದ್ದರೆ ಹಾಕದ ಪ್ರತಿಯೂ ಜೊತೆಗಿರಲಿ. ಕಡತದ ಹೆಸರಿನಲ್ಲೇ ಹಾಡು, ಟೆಂಪೊ, ಶ್ರುತಿ, ವಾದ್ಯ ಬರಲಿ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ದುಡ್ಡು ಎಂದು ಮೊದಲೇ ಹೇಳಿ.

ಸ್ವಂತ ಹಾಡು ಕಟ್ಟುವಾಗ ಹಕ್ಕು ಎರಡು ಎಂಬುದು ನೆನಪಿರಲಿ. ಹಾಡು ಬರೆದು ರಾಗ ಹಾಕಿದವರ ಹಕ್ಕು ಒಂದು. ಅದಕ್ಕೆ ಆಧಾರ 1886ರ ಬರ್ನ್ ಒಪ್ಪಂದ. ನುಡಿಸಿದವರದು ಮತ್ತು ಧ್ವನಿಮುದ್ರಣ ಮಾಡಿಸಿದವರದು ಇನ್ನೊಂದು. ಅದು 1961ರ ರೋಮ್ ಒಪ್ಪಂದದ ದಾರಿ. ಯಾರ ಪಾಲು ಶೇಕಡಾ ಎಷ್ಟೆಂದು ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಾಡು ಓಡಿದ ಮೇಲೆ ಎಲ್ಲರಿಗೂ ತಮ್ಮ ಪಾಲು ದೊಡ್ಡದಾಗಿ ನೆನಪಾಗುತ್ತದೆ. ಬಿಡುಗಡೆಯಾಗುವ ಪ್ರತಿ ಧ್ವನಿಮುದ್ರಣಕ್ಕೂ ಅದನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಇರುತ್ತದೆ. ಹಾಡನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವ ವಿತರಕರನ್ನು ಬದಲಿಸುವಾಗ ಹಳೆಯ ಸಂಖ್ಯೆಯನ್ನೇ ಕೊಡಿ. ಹೊಸದು ಹಾಕಿಸಿಕೊಂಡರೆ ಅದೇ ಹಾಡು ಲೆಕ್ಕದಲ್ಲಿ ಎರಡಾಗಿ, ಕೇಳುಗರ ಎಣಿಕೆಯೂ ದುಡ್ಡೂ ಹಂಚಿಹೋಗುತ್ತದೆ. ಹೆಸರಿನ ಕಾಗುಣಿತವೂ ಎಲ್ಲ ಕಡೆ ಒಂದೇ ಇರಲಿ. ಎರಡು ಥರ ಬರೆದವರ ರಾಯಲ್ಟಿ ‘ಯಾರದೆಂದು ತಿಳಿಯದ’ ಖಾತೆಯಲ್ಲಿ ಕೂತಿರುತ್ತದೆ.

ಕಿವಿಯ ವಿಷಯದಲ್ಲಿ ನಾವು ಸ್ವಲ್ಪ ಹಟಮಾರಿಗಳು. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಇಟ್ಟು ತಾಲೀಮು ಮಾಡಿದರೆ ಮೊದಲ ಎರಡು ಹಾಡಿಗೇ ಆ ದಿನದ ಪಾಲು ಮುಗಿದಿರಬಹುದು. ಸ್ಪಂಜಿನ ಇಯರ್‌ಪ್ಲಗ್ ಮೇಲಿನ ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಸಂಗೀತ ಮಂಕಾಗಿ ಕೇಳಿಸುತ್ತದೆ, ನುಡಿಸುವವರು ಕಿತ್ತೆಸೆಯುತ್ತಾರೆ. ಎಲ್ಲ ಸ್ವರಗಳನ್ನೂ ಸಮವಾಗಿ 15 ಡೆಸಿಬೆಲ್‌ನಷ್ಟು ತಗ್ಗಿಸುವ ಸಂಗೀತಗಾರರ ಪ್ಲಗ್ ಕೊಳ್ಳಿ. ಕೈಗೂ ಇದೇ ಎಚ್ಚರ ಬೇಕು: 25 ನಿಮಿಷಕ್ಕೊಮ್ಮೆ ಬಿಡುವು, ಅಭ್ಯಾಸದ ಹೊತ್ತನ್ನು ಒಂದೇ ವಾರದಲ್ಲಿ ದುಪ್ಪಟ್ಟು ಮಾಡದಿರುವುದು. ಜೋಮು ಹಿಡಿದರೆ, ಬೆರಳು ತಾನಾಗಿ ಮಡಚಿಕೊಂಡರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರ ಬಳಿ ಹೋಗಿ. ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈ ಬೆರಳುಗಳು 1960ರ ದಶಕದಲ್ಲಿ ಹೀಗೇ ಮಡಚಿಕೊಂಡವು. ಸ್ನಾಯುಗಳು ಹಿಡಿತ ತಪ್ಪಿ ತಾವಾಗಿ ಬಿಗಿಯುವ ಈ ತೊಂದರೆಯ ಹೆಸರು ಫೋಕಲ್ ಡಿಸ್ಟೋನಿಯಾ. ಎರಡೂ ಕೈಯಿಂದ ಮತ್ತೆ ನುಡಿಸಲು ಮೂರು ದಶಕ ಹಿಡಿಯಿತು. ಅಷ್ಟೂ ವರ್ಷ ಎಡಗೈಯ ಕೃತಿಗಳನ್ನು ನುಡಿಸಿದರು, ಪಾಠ ಹೇಳಿದರು, ವಾದ್ಯವೃಂದ ನಡೆಸಿದರು.

ನೌಕರಿ ಯಾವಾಗ ಬಿಡುವುದು? ಹನ್ನೆರಡು ತಿಂಗಳ ಸಂಗೀತದ ಆದಾಯವನ್ನು ಪುಸ್ತಕದಲ್ಲಿ ಬರೆದ ಮೇಲೆ. ಅದರಲ್ಲಿ ಅತಿ ಕಡಿಮೆಯ ಮೂರು ತಿಂಗಳ ಸರಾಸರಿ ತೆಗೆಯಿರಿ. ಅದು ಮನೆಖರ್ಚಿನ ಅರ್ಧ ದಾಟಿದ್ದು, ಕೈಯಲ್ಲಿ ಆರು ತಿಂಗಳ ಖರ್ಚಿದ್ದರೆ ಹೊರಡಬಹುದು. ಪಾಠಗಳನ್ನು ಸೋಮವಾರದಿಂದ ಗುರುವಾರಕ್ಕೆ ಇಟ್ಟುಕೊಳ್ಳಿ. ಶಿಷ್ಯರು ಬಯಸುವ ಶನಿವಾರದ ಸಂಜೆಯೇ ಕಾರ್ಯಕ್ರಮಗಳ ಹೊತ್ತೂ ಹೌದು. ಶುಲ್ಕ ತಿಂಗಳ ಮೊದಲೇ ಬರಲಿ.

ಖುಷಿಯ ಮಾತಿಗೆ ಬಂದರೆ, ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿಲ್ಲ. ಬಂದದ್ದಕ್ಕೆಲ್ಲ ಹೂಂ ಎಂದರೆ ಎರಡು ವರ್ಷದಲ್ಲಿ ಗಿಟಾರ್ ನೋಡಿದರೆ ಬೇಜಾರಾಗುತ್ತದೆ. ವಾದ್ಯಗಾರರಲ್ಲಿ ಹಳೆಯದೊಂದು ಲೆಕ್ಕವಿದೆ: ದುಡ್ಡು, ಸಂಗೀತ, ಜೊತೆಗಾರರು, ಈ ಮೂರರಲ್ಲಿ ಎರಡಾದರೂ ಚೆನ್ನಾಗಿದ್ದರೆ ಒಪ್ಪಿಕೊಳ್ಳಿ. ಹಾಗೆಯೇ ವಾರಕ್ಕೆ ಎರಡು ಬೆಳಿಗ್ಗೆ, ಎರಡೆರಡು ಗಂಟೆ, ಫೋನ್ ಮುಟ್ಟುವ ಮುಂಚೆ, ಯಾರೂ ಕೇಳದ ನಿಮ್ಮದೇ ಸಂಗೀತಕ್ಕೆ ಮೀಸಲಿಡಿ. ಅದನ್ನೂ ಕ್ಯಾಲೆಂಡರ್‌ನಲ್ಲಿ ಕಾರ್ಯಕ್ರಮದಂತೆಯೇ ಬರೆಯಿರಿ, ಇಲ್ಲವಾದರೆ ಮೊದಲು ಹಾರಿಹೋಗುವುದು ಅದೇ. ಒಮ್ಮೆ ಒಪ್ಪಿದ ಸಣ್ಣ ಕೆಲಸವನ್ನು ದೊಡ್ಡದು ಬಂತೆಂದು ಬಿಡಬೇಡಿ. ಬಿಡಲೇಬೇಕಾದರೆ ಬದಲಿಗೆ ನಿಮ್ಮಷ್ಟೇ ತಯಾರಾಗಿ ಬರುವವರನ್ನು ಚಾರ್ಟಿನ ಸಮೇತ ಕಳಿಸಿ.

ಹೊಸ ಗಿಟಾರ್ ಈಗ ಬೇಡ. ಇರುವುದನ್ನು ಒಳ್ಳೆಯ ರಿಪೇರಿಯವರ ಕೈಗೆ ಕೊಟ್ಟು ನೆಕ್ ಸರಿಮಾಡಿಸಿ, ಫ್ರೆಟ್ ಮಟ್ಟ ಮಾಡಿಸಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಶ್ರುತಿ ಕೂಡಿಸಿಕೊಂಡು ಬನ್ನಿ. ಉಳಿದ ದುಡ್ಡಿನಲ್ಲಿ ಡಿಐ ಬಾಕ್ಸ್ ಮತ್ತು ಇಯರ್‌ಪ್ಲಗ್. ಎರಡನೆಯ ಗಿಟಾರ್ ಬೇಕಾಗುವುದು ತಂತಿ ಹರಿದಾಗ ಹಾಡು ನಿಲ್ಲಬಾರದೆಂಬ ಕಾರಣಕ್ಕೆ. ಅದು ಸಾಧಾರಣದ್ದಾದರೂ ನಡೆಯುತ್ತದೆ, ಶ್ರುತಿಯಲ್ಲಿ ನಿಂತರೆ ಸಾಕು.