ಕ್ರೋಮ್ ಬಿಟ್ಟು ಯಾವ ಬ್ರೌಸರ್‌ಗೆ ಹೋಗಲಿ, ಬ್ಯಾಂಕ್ ಕೆಲಸ ನಿಲ್ಲುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಅಮ್ಮನ ಮಂಡಿನೋವಿನ ಬಗ್ಗೆ ಒಂದೇ ಸಲ ಹುಡುಕಿದ್ದಕ್ಕೆ ಎರಡು ವಾರ ಎಲ್ಲಿ ಹೋದರೂ ಎಣ್ಣೆ, ಮಾತ್ರೆ, ಮಂಡಿಪಟ್ಟಿಯ ಜಾಹೀರಾತೇ ಬರ್ತಿದೆ, ಕ್ರೋಮ್ ಬಿಟ್ಟು ಫೈರ್‌ಫಾಕ್ಸ್, ಬ್ರೇವ್, ಟಾರ್ ಇವುಗಳಲ್ಲಿ ಯಾವುದಕ್ಕೆ ಹೋಗಲಿ, ಬ್ಯಾಂಕ್ ಕೆಲಸಕ್ಕೆ ತೊಂದರೆ ಆಗುತ್ತಾ, ಅಮ್ಮನ ಫೋನಿಗೂ ಹಾಕಬಹುದಾ ಅಂತ ಕೇಳಿದ್ದೀರಿ.

ಮೊದಲು ಉತ್ತರ ಹೇಳಿಬಿಡ್ತೀನಿ. ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಅನ್ನೋ ಜಾಹೀರಾತು ತಡೆಯೋ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಂ) ಸೇರಿಸಿ, ಅದನ್ನೇ ದಿನದ ಬ್ರೌಸರ್ ಮಾಡಿಕೊಳ್ಳಿ. ಕ್ರೋಮ್ ತೆಗೀಬೇಡಿ. ಅದರಲ್ಲಿ ನಿಮ್ಮ ಗೂಗಲ್ ಖಾತೆಯಿಂದ ಲಾಗೌಟ್ ಆಗಿ, ಬ್ಯಾಂಕು, ಸರ್ಕಾರಿ ಅರ್ಜಿ ಇಷ್ಟಕ್ಕೆ ಮಾತ್ರ ಇರಲಿ ಅಂತ ಪಕ್ಕಕ್ಕೆ ಇಟ್ಟುಕೊಳ್ಳಿ.

ಯಾಕೆ ಎರಡು ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಪ್ರಿಂಟ್, ಅರ್ಜಿ ತುಂಬೋದು. ಸುತ್ತಮುತ್ತ ಎಲ್ಲಾ ಕೋಚಿಂಗ್ ಕ್ಲಾಸುಗಳು, ಗದಗ, ಹಾವೇರಿ ಕಡೆಯಿಂದ ಬಂದು ರೂಮ್ ಮಾಡಿಕೊಂಡು ಓದೋ ಹುಡುಗರು. ಒಂದೇ ಕಂಪ್ಯೂಟರ್ ಮುಂದೆ ದಿನಕ್ಕೆ ಮೂವತ್ತು ನಲವತ್ತು ಜನ ಬಂದು ಹೋಗ್ತಾರೆ. ಒಬ್ಬರ ಇಮೇಲ್ ಇನ್ನೊಬ್ಬರ ಕಣ್ಣಿಗೆ ಬೀಳಬಾರದು, ನನಗೆ ಅದೇ ದೊಡ್ಡ ಚಿಂತೆ. ಹಾಗಾಗಿ ಒಂದು ಕಂಪ್ಯೂಟರ್‌ಗೆ ತುಂಬಾ ಬಿಗಿಯಾದ ಒಂದು ಬ್ರೌಸರ್ ಹಾಕಿದೆ. ಕುಕೀ ಅಂದ್ರೆ ನಿಮ್ಮ ಗುರುತಿಗೆ ಸೈಟುಗಳು ಬ್ರೌಸರ್‌ನಲ್ಲಿ ಇಡೋ ಸಣ್ಣ ಚೀಟಿ; ಮುಚ್ಚಿದ ಕೂಡಲೇ ಅವನ್ನೆಲ್ಲಾ ಅಳಿಸಿ ಹಾಕುತ್ತೆ, ನೀವು ಎಲ್ಲೆಲ್ಲಿ ಹೋಗ್ತೀರಿ ಅಂತ ಬೆನ್ನು ಹತ್ತೋ ಟ್ರ್ಯಾಕರ್‌ಗಳನ್ನ ಒಳಗೇ ಬಿಡಲ್ಲ. ನನ್ನ ಸೆಂಟರ್‌ಗೆ ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡೆ.

ಒಂದು ನೇಮಕಾತಿ ಅರ್ಜಿಗೆ ಅವತ್ತು ಕೊನೆ ದಿನ. ಹಾನಗಲ್ ಕಡೆಯ ಹುಡುಗಿಯೊಬ್ಬಳ ಫಾರ್ಮ್ ತುಂಬ್ತಿದ್ದೆ. ಫೋಟೊ ಏರಿಸಿದರೆ ಆ ಪುಟದಲ್ಲೇ ಕತ್ತರಿಸಿ ಅಳತೆಗೆ ತರಬೇಕಿತ್ತು. ಕತ್ತರಿಸಿ ಸೇವ್ ಒತ್ತಿದೆ. ಮುಖ ಬರಬೇಕಾದ ಚೌಕದ ತುಂಬಾ ಬಣ್ಣಬಣ್ಣದ ಗೆರೆಗಳು, ಜಮಖಾನದ ಪಟ್ಟಿ ಇದ್ದ ಹಾಗೆ. "ಅಣ್ಣಾರ, ನನ್ ಮುಖ ಎಲ್ಲಿ ಹೋತ್ರಿ?" ಅಂದಳು. ಇನ್ನೊಮ್ಮೆ ಮಾಡಿದೆ, ಅದೇ. ಸಹಿ ಹಾಕಿದೆ, ಅದೂ ಗೆರೆ. ಫೈಲೇ ಕೆಟ್ಟಿದೆ ಅಂತ ಬೇರೆ ಫೋಟೊ ತೆಗೆಸಿದೆವು. ಸಂಜೆ ಏಳೂವರೆ ಆಯ್ತು, ಅವಳ ಕಣ್ಣಲ್ಲಿ ನೀರು. ಕೊನೆಗೆ ಪಕ್ಕದ ಕಂಪ್ಯೂಟರ್‌ನಲ್ಲಿ ಸಾದಾ ಕ್ರೋಮ್ ತೆಗೆದು ಮಾಡಿದರೆ ಒಂದೇ ಸಲಕ್ಕೆ ಮುಖ ಬಂತು.

ಆ ಪುಟದ ತಪ್ಪಲ್ಲ, ಬ್ರೌಸರ್‌ನ ತಪ್ಪೂ ಅಲ್ಲ. ಕ್ಯಾನ್ವಾಸ್ ಅನ್ನೋದು ಪುಟದ ಒಳಗೆ ಚಿತ್ರ ಬಿಡಿಸೋ ಒಂದು ಸೌಲಭ್ಯ. ಟ್ರ್ಯಾಕರ್‌ಗಳು ಇದನ್ನ ಬೇರೆ ಕೆಲಸಕ್ಕೆ ಬಳಸಿಕೊಳ್ತವೆ: ಕಣ್ಣಿಗೆ ಕಾಣದ ಹಾಗೆ ಒಂದು ಚಿತ್ರ ಬಿಡಿಸಿ, ಅದನ್ನ ವಾಪಸ್ ಓದಿ, ನಿಮ್ಮ ಗ್ರಾಫಿಕ್ಸ್ ಮತ್ತು ಫಾಂಟ್‌ಗಳಿಂದ ಬರೋ ಸಣ್ಣ ಸಣ್ಣ ವ್ಯತ್ಯಾಸ ನೋಡಿ ಇದು ಇಂಥದೇ ಕಂಪ್ಯೂಟರ್ ಅಂತ ಗುರುತು ಹಿಡೀತವೆ. ಕುಕೀ ಅಳಿಸಿದರೂ ಈ ಗುರುತು ಹೋಗಲ್ಲ. ಬಿಗಿ ಬ್ರೌಸರ್ ಏನು ಮಾಡುತ್ತೆ ಅಂದ್ರೆ, ಯಾರೇ ಓದೋಕೆ ಬಂದರೂ ಬೇಕಂತಲೇ ಸುಳ್ಳು ಚುಕ್ಕೆಗಳನ್ನ ಕೊಟ್ಟು ಕಳಿಸುತ್ತೆ. ಫೋಟೊ ಕತ್ತರಿಸೋ ಪುಟವೂ ಅದೇ ಬಾಗಿಲಿಗೆ ಬಂದು ಓದೋದು, ಹಾಗಾಗಿ ಅದಕ್ಕೂ ಸುಳ್ಳೇ ಸಿಕ್ಕಿತು.

ಅದೇ ಬ್ರೌಸರ್‌ನಲ್ಲಿ ಗಡಿಯಾರವೂ ಐದೂವರೆ ತಾಸು ಹಿಂದೆ. ನೀವು ಯಾವ ದೇಶದವರು ಅಂತ ತಿಳಿಯದಿರಲಿ ಅಂತ ಎಲ್ಲರಿಗೂ ಯುಟಿಸಿ, ಅಂದ್ರೆ ಜಗತ್ತಿಗೆಲ್ಲಾ ಒಂದೇ ಆದ ಸಮಯ ಕೊಡುತ್ತೆ. ಬೆಳಿಗ್ಗೆ 11ಕ್ಕೆ ಬಂದ ಇಮೇಲ್ 5:30ಕ್ಕೆ ಬಂದ ಹಾಗೆ ಕಾಣುತ್ತೆ. ನೀವಾಗಿ ಹಾಕಿಕೊಂಡ ಫಾಂಟ್‌ಗಳನ್ನೂ ಪುಟಗಳಿಂದ ಮುಚ್ಚಿಡುತ್ತೆ, ಯಾಕಂದ್ರೆ ನುಡಿ ಫಾಂಟ್ ಇರೋ ಕಂಪ್ಯೂಟರ್ ಜಗತ್ತಿನಲ್ಲಿ ಎಷ್ಟಿರಬಹುದು ಹೇಳಿ, ಅದೊಂದೇ ಸಾಕು ನೀವು ಕರ್ನಾಟಕದವರು ಅನ್ನೋಕೆ. ಆದರೆ ಹಳೇ ನುಡಿ ಫಾಂಟ್ ನಂಬಿಕೊಂಡು ಮಾಡಿದ ಪುಟ ಆಗ ಓದೋಕೇ ಬರಲ್ಲ.

ಫೈರ್‌ಫಾಕ್ಸ್‌ನಲ್ಲೂ ಈ ಬಿಗಿ ಸೆಟ್ಟಿಂಗ್ ಇದೆ, ಆದರೆ ತಾನಾಗಿ ಆನ್ ಆಗಿರಲ್ಲ. ಯಾವುದೋ ವಿಡಿಯೊ ನೋಡಿ ಅಬೌಟ್ ಕಾನ್ಫಿಗ್ ಅನ್ನೋ ಒಳಸೆಟ್ಟಿಂಗ್ ಪುಟಕ್ಕೆ ಹೋಗಿ ಅದನ್ನ ಆನ್ ಮಾಡಬೇಡಿ. ನನ್ನ ಹತ್ತಿರ ಬರೋ ಹುಡುಗರನ್ನ ನೋಡಿದ್ದೀನಲ್ಲ, ಮೊದಲ ದಿನವೇ ಎಲ್ಲಾ ಬಿಗಿ ಮಾಡ್ತಾರೆ, ಮೂರನೇ ದಿನ ಒಂದು ಪೇಮೆಂಟ್ ಕೈಕೊಡುತ್ತೆ, ನಾಲ್ಕನೇ ದಿನ ವಾಪಸ್ ಕ್ರೋಮ್. ಆಮೇಲೆ ಯಾವತ್ತೂ ಈ ಕಡೆ ತಿರುಗಿ ನೋಡಲ್ಲ. ನನಗೆ ಬೇಜಾರಾಗೋದು ಅದಕ್ಕೇ.

ನಿಮ್ಮ ಮಂಡಿನೋವಿನ ಜಾಹೀರಾತಿಗೆ ಅಷ್ಟು ಬಿಗಿ ಬೇಕಾಗೇ ಇಲ್ಲ. ಅದು ಬಹುಪಾಲು ಥರ್ಡ್ ಪಾರ್ಟಿ ಕುಕೀಗಳ, ಅಂದ್ರೆ ನೀವು ತೆರೆದ ಸೈಟಿನದ್ದಲ್ಲದೆ ಬೇರೆ ಕಂಪನಿ ಇಡೋ ಕುಕೀಗಳ ಕೆಲಸ. ಹುಬ್ಬಳ್ಳಿಯ ದುರ್ಗದಬೈಲ್ ಮಾರ್ಕೆಟಿನಲ್ಲಿ ನೀವು ಹತ್ತು ಅಂಗಡಿಗೆ ಹೋಗ್ತೀರಿ ಅಂದುಕೊಳ್ಳಿ. ಪ್ರತಿ ಅಂಗಡಿ ಬಾಗಿಲಲ್ಲೂ ಒಂದೇ ಕಂಪನಿಯ ಆಳು ನಿಂತಿದ್ದಾನೆ, ನೀವು ಏನು ಮುಟ್ಟಿದಿರಿ, ಏನು ಕೇಳಿದಿರಿ ಅಂತ ಒಂದೇ ವಹಿಯಲ್ಲಿ ಬರೆದುಕೊಳ್ತಾನೆ. ಫೈರ್‌ಫಾಕ್ಸ್ 2022ರಿಂದ ಕಂಪ್ಯೂಟರ್‌ನಲ್ಲಿ ತಾನಾಗಿಯೇ ಆ ವಹಿಯನ್ನ ಹರಿದು, ಅಂಗಡಿಗೊಂದು ಬೇರೆ ವಹಿ ಮಾಡಿಟ್ಟಿದೆ. ಒಂದು ಅಂಗಡಿಯದ್ದು ಇನ್ನೊಂದಕ್ಕೆ ಸಿಗಲ್ಲ. ಯುಬ್ಲಾಕ್ ಒರಿಜಿನ್ ಹಾಕಿದರೆ ಆ ಆಳೇ ಬಾಗಿಲಲ್ಲಿ ನಿಲ್ಲಲ್ಲ. ಪುಟಗಳೂ ಬೇಗ ತೆರೀತವೆ, 4 ಜಿಬಿ ರ‍್ಯಾಮ್‌ನ ನನ್ನ ಹಳೇ ಕಂಪ್ಯೂಟರ್‌ನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಕ್ರೋಮ್‌ನಲ್ಲಿ ಈಗ ಇದು ಕೆಲಸ ಮಾಡಲ್ಲ, ಗೂಗಲ್ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಿಸಿತು. ಅಲ್ಲಿ ಸಿಗೋದು ಯುಬ್ಲಾಕ್ ಒರಿಜಿನ್ ಲೈಟ್, ಅದರ ಶಕ್ತಿ ಕಡಿಮೆ.

ಬ್ರೇವ್ ಕೂಡ ಒಳ್ಳೇದೇ. ಕ್ರೋಮ್‌ಗೆ ತಳಪಾಯವಾಗಿರೋ ಕ್ರೋಮಿಯಂ ಅನ್ನೋ ಪ್ರೋಗ್ರಾಂ ಮೇಲೇ ಕಟ್ಟಿದ್ದು, ಹಾಗಾಗಿ ಸೈಟುಗಳು ಕೈಕೊಡೋದು ಕಡಿಮೆ, ಜಾಹೀರಾತು ತಡೆ ಹಾಕಿದ ಕೂಡಲೇ ಶುರು. ಏನೂ ಸೆಟ್ಟಿಂಗ್ ಮುಟ್ಟೋಕೆ ಇಷ್ಟ ಇಲ್ಲದವರಿಗೆ ನಾನೇ ಬ್ರೇವ್ ಹಾಕಿಕೊಡ್ತೀನಿ. ಆದರೆ ಅದರ ಜೊತೆ ಬರೋ ಕ್ರಿಪ್ಟೊ ವ್ಯಾಲೆಟ್, ರಿವಾರ್ಡ್ಸ್ ನನಗೆ ಹಿಡಿಸಲ್ಲ. 2020ರಲ್ಲಿ ಕೆಲವು ಕ್ರಿಪ್ಟೊ ಸೈಟುಗಳ ವಿಳಾಸ ಟೈಪ್ ಮಾಡಿದರೆ ತನ್ನ ಕಮಿಷನ್ ಕೋಡ್ ಸೇರಿಸಿ ತೋರಿಸ್ತಿತ್ತು, ಜನ ಸಿಟ್ಟಾದ ಮೇಲೆ ತೆಗೀತು. ಫೈರ್‌ಫಾಕ್ಸ್ ಮಾಡೋ ಮೊಝಿಲ್ಲಾಗೂ ದುಡ್ಡಿನ ಬಹುಪಾಲು ಬರೋದು ಗೂಗಲ್‌ನ ಸರ್ಚ್ ಒಪ್ಪಂದದಿಂದ. ಇದೂ ನಿಮಗೆ ಗೊತ್ತಿರಲಿ. ಆದರೂ ಕ್ರೋಮಿಯಂ ಅಲ್ಲದ, ವಿಂಡೋಸ್‌ನಲ್ಲಿ ಸಿಗೋ ದೊಡ್ಡ ಬ್ರೌಸರ್ ಅಂದ್ರೆ ಅದೊಂದೇ ಉಳಿದಿರೋದು, ಅದು ಉಳೀಬೇಕು ಅಂತ ನನಗೆ ಮನಸಾರೆ ಅನ್ಸುತ್ತೆ.

ಟಾರ್ ನಿಮಗೆ ಬೇಡ. ನಿಮ್ಮ ಮಾಹಿತಿ ಮೂರು ಬೇರೆ ಬೇರೆ ಕಂಪ್ಯೂಟರ್ ದಾಟಿ ಹೋಗುತ್ತೆ, ಹಾಗಾಗಿ ನಿಧಾನ. ಎಷ್ಟೋ ಬ್ಯಾಂಕ್ ಸೈಟುಗಳು ಅನುಮಾನ ಪಟ್ಟು ಒಳಗೇ ಬಿಡಲ್ಲ. ಜೀವಕ್ಕೋ ಕೆಲಸಕ್ಕೋ ಅಪಾಯ ಇರೋ ಪತ್ರಕರ್ತರಂಥವರಿಗೆ ಅದು ದೊಡ್ಡ ಆಸರೆ.

ಕ್ರೋಮ್‌ನ ಇನ್‌ಕಾಗ್ನಿಟೋ (ಖಾಸಗಿ ಕಿಟಕಿ) ಸಾಕಲ್ವಾ ಅಂತ ಸೆಂಟರ್‌ನಲ್ಲಿ ದಿನಾ ಒಬ್ಬರಾದರೂ ಕೇಳ್ತಾರೆ. ಸಾಕಾಗಲ್ಲ. ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಹಿಸ್ಟರಿ ಉಳಿಸಲ್ಲ, ಅಷ್ಟೇ. ಆಚೆ ಕಡೆಯ ಸೈಟು, ಇಂಟರ್ನೆಟ್ ಕೊಡೋ ಕಂಪನಿ ನೋಡೋದನ್ನ ನಿಲ್ಲಿಸಲ್ಲ. ಇದರ ಮೇಲೇ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸ್ ಬಿತ್ತು, 2024ರಲ್ಲಿ ಕೋಟಿಗಟ್ಟಲೆ ದಾಖಲೆ ಅಳಿಸೋಕೆ ಒಪ್ಪಿಕೊಂಡರು.

ಇನ್ನು ದಿನದ ತೊಂದರೆ. ಫೈರ್‌ಫಾಕ್ಸ್‌ನಲ್ಲಿ ತಿಂಗಳಿಗೆ ಒಂದೆರಡು ಸಲ ಯಾವುದೋ ಪುಟದಲ್ಲಿ ಬಟನ್ ಒತ್ತಿದರೆ ಏನೂ ಆಗಲ್ಲ, ಪೇಮೆಂಟ್ ಕಿಟಕಿ ತೆರೆಯಲ್ಲ. ಆಗ ವಿಳಾಸ ಬರೆಯೋ ಜಾಗದ ಎಡಕ್ಕೆ ಇರೋ ಗುರಾಣಿ ಚಿತ್ರ ಒತ್ತಿ, ಆ ಒಂದು ಸೈಟಿಗೆ ಮಾತ್ರ ತಡೆ ತೆಗೆಯಿರಿ. ಯುಬ್ಲಾಕ್‌ನಲ್ಲೂ ಹಾಗೇ, ದೊಡ್ಡ ಪವರ್ ಬಟನ್ ಒತ್ತಿದರೆ ಆ ಸೈಟಿಗೆ ಮಾತ್ರ ಆಫ್. ಹಣ ಕಟ್ಟೋ ಕೆಲಸ ಇದ್ದರೆ ಮಾತ್ರ ಇಷ್ಟೂ ಪ್ರಯೋಗ ಬೇಡ, ಮೊದಲಿಂದಲೇ ಕ್ರೋಮ್‌ನಲ್ಲಿ ಶುರು ಮಾಡಿ. ಅರ್ಧಕ್ಕೆ ನಿಂತ ಪೇಮೆಂಟಿನ ದುಡ್ಡು ವಾಪಸ್ ಬರೋವರೆಗೆ ಪಡೋ ಸಂಕಟ ಬೇರೆಯೇ.

ಪಾಸ್‌ವರ್ಡ್‌ಗಳನ್ನ ಕ್ರೋಮ್‌ನಿಂದ ಫೈಲ್ ಆಗಿ ಇಳಿಸಿಕೊಂಡು ಫೈರ್‌ಫಾಕ್ಸ್‌ಗೆ ಹಾಕಬಹುದು. ಆ ಫೈಲ್ ಯಾರು ತೆಗೆದರೂ ಓದೋಕೆ ಬರುತ್ತೆ, ಹಾಗಾಗಿ ಕೆಲಸ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಗಿರಾಕಿಯೊಬ್ಬರ ಪೆನ್‌ಡ್ರೈವ್‌ನಲ್ಲಿ ಅಂಥ ಫೈಲ್ ಡೌನ್‌ಲೋಡ್ಸ್ ಫೋಲ್ಡರ್ ಸಮೇತ ಬಂದಿದ್ದನ್ನ ಕಂಡು ನನಗೆ ಎದೆ ಝಲ್ ಅಂದಿತ್ತು.

ಅಮ್ಮನ ಫೋನ್ ಆಂಡ್ರಾಯ್ಡ್ ಆಗಿದ್ದರೆ ಅಲ್ಲೂ ಫೈರ್‌ಫಾಕ್ಸ್ ಹಾಕಿ, ಅದರೊಳಗೇ ಯುಬ್ಲಾಕ್ ಒರಿಜಿನ್ ಸಿಗುತ್ತೆ, ಮೆನುವನ್ನ ಕನ್ನಡಕ್ಕೂ ಬದಲಿಸಬಹುದು. ಐಫೋನ್ ಆಗಿದ್ದರೆ ನಮ್ಮಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗೆ ಓಡೋದು ಸಫಾರಿಯ ಎಂಜಿನ್ನೇ, ಸಫಾರಿ ಇರಲಿ ಬಿಡಿ. ಹಿರಿಯರ ಫೋನಿಗೆ ಜಾಹೀರಾತು ತಡೆ ಇನ್ನೂ ಜಾಸ್ತಿ ಬೇಕು, "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಕೆಂಪಗೆ ಹಾರಿ ಬರೋ ಪುಟಗಳನ್ನ ಒತ್ತೋದು ಅವರೇ. ಹಾಕಿಕೊಟ್ಟು, ಹಳೇ ಐಕಾನ್ ಇದ್ದ ಜಾಗದಲ್ಲೇ ಹೊಸದನ್ನ ಇಡಿ. ನಮ್ಮ ಅವ್ವನಿಗೆ ಹಾಗೇ ಮಾಡಿಕೊಟ್ಟೆ. ಬಣ್ಣ ಬದಲಾಗಿದೆ ಅಂತ ಒಮ್ಮೆ ಕೇಳಿದಳು, ಅಷ್ಟೇ.