ಒಂದೇ ತೊಟ್ಟಿಯಲ್ಲಿ ಜಗಳಗಂಟ ಮೀನುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಅದರಲ್ಲಿ ಆಫ್ರಿಕಾದ ಮಲಾವಿ ಸರೋವರದ ಆರು ಸಿಕ್ಲಿಡ್‌ಗಳಿವೆ: ಎರಡು ಯೆಲ್ಲೋ ಲ್ಯಾಬ್, ಎರಡು ಆರೇಟಸ್, ಎರಡು ರೆಡ್ ಝೀಬ್ರಾ. ಆರೇಟಸ್‌ಗಳಲ್ಲಿ ಕಪ್ಪಗಾಗಿರುವುದು ಉಳಿದವನ್ನೆಲ್ಲ ಅಟ್ಟಾಡಿಸುತ್ತದೆ. ಅದೊಂದನ್ನು ತೆಗೆದರೆ ಸಾಕೇ?
– ಓದುಗರು, ಚಿಂತಾಮಣಿ

ಉತ್ತರ: ಮೊದಲು ಅದನ್ನು ತೆಗೆಯಿರಿ. ಆರೇಟಸ್ ಮರಿಗಳೂ ಹೆಣ್ಣುಗಳೂ ಹಳದಿ ಮೈಯ ಮೇಲೆ ಕಪ್ಪು ಪಟ್ಟೆ ಹೊತ್ತಿರುತ್ತವೆ. ಮೈ ಕಪ್ಪಾಗಿ ಪಟ್ಟೆ ತಿಳಿಯಾಯಿತು ಎಂದರೆ ಅದು ಯಜಮಾನಿಕೆಗೆ ಬಂದ ಗಂಡು. ಮನೆಯಲ್ಲಿ ಸಾಕುವ ಮಲಾವಿ ಮೀನುಗಳಲ್ಲಿ ಇದರಷ್ಟು ಜಗಳಗಂಟ ಜಾತಿ ಕಡಿಮೆ. ನಾಲ್ಕು ಅಡಿ ಉದ್ದವನ್ನೂ ಒಂದೇ ಗಂಡು ತನ್ನ ಗಡಿಯೆಂದು ಹಿಡಿದುಬಿಡುತ್ತದೆ.

ಆದರೆ ಅಷ್ಟರಿಂದಲೇ ಜಗಳ ನಿಲ್ಲುವುದಿಲ್ಲ, ಏಕೆಂದರೆ ಆರು ಎಂಬ ಸಂಖ್ಯೆಯೇ ತೊಂದರೆಯದು. ಮೀನು ಕಡಿಮೆಯಿದ್ದಷ್ಟೂ ಯಜಮಾನನ ಕಣ್ಣು ಒಂದೆರಡರ ಮೇಲೇ ನೆಟ್ಟಿರುತ್ತದೆ, ಏಟೆಲ್ಲ ಅವಕ್ಕೇ ಬೀಳುತ್ತದೆ. ಹದಿನೈದು-ಹದಿನಾರು ಮೀನಿದ್ದರೆ ಯಾವುದನ್ನೂ ಬಹಳ ಹೊತ್ತು ಬೆನ್ನಟ್ಟಲು ಆಗುವುದಿಲ್ಲ. ಮೂರು ಜಾತಿ ಸಾಕು, ಪ್ರತಿ ಜಾತಿಯಲ್ಲಿ ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣು. ಬಣ್ಣವೂ ಪಟ್ಟೆಯೂ ಒಂದನ್ನೊಂದು ಹೋಲಬಾರದು. ತನ್ನಂತೆಯೇ ಕಾಣುವ ಮೀನನ್ನು ಗಂಡು ಪ್ರತಿಸ್ಪರ್ಧಿ ಎಂದೇ ತಿಳಿಯುತ್ತದೆ. ಯೆಲ್ಲೋ ಲ್ಯಾಬ್, ರಸ್ಟಿ, ಅಸೇ, ಈ ಮೂರೂ ಸ್ವಭಾವದಲ್ಲಿ ಸೌಮ್ಯ, ಹೊಸಬರಿಗೆ ನಾವು ಹೇಳುವುದು ಇದನ್ನೇ. ಲ್ಯಾಬ್ ಮತ್ತು ರೆಡ್ ಝೀಬ್ರಾ ಬೆರೆತು ಅಡ್ಡತಳಿ ಮರಿ ಹಾಕುತ್ತವೆ. ಮರಿಗಳನ್ನು ಬೇರೆಯವರಿಗೆ ಕೊಡುವ ಯೋಚನೆಯಿದ್ದರೆ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ಇನ್ನು ಕಲ್ಲು. ನಿಮ್ಮ ಜಿಲ್ಲೆಯ ಗ್ರಾನೈಟ್ ಇದಕ್ಕೆ ಹೇಳಿ ಮಾಡಿಸಿದ್ದು, ನೀರಿಗೆ ಏನನ್ನೂ ಬಿಡುವುದಿಲ್ಲ. ಕೈಯಗಲದ, ಚೂಪು ಅಂಚಿಲ್ಲದ ಕಲ್ಲುಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಸೋಪು ಬೇಡ. ಗಾಜಿನ ತಳಕ್ಕೆ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ಕಲ್ಲು ಜೋಡಿಸಿ, ಮರಳು ಸುರಿಯುವುದು ಕೊನೆಗೆ. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯಿಂದ ತೋಡುತ್ತದೆ, ಕಲ್ಲು ಜರುಗಿ ಗಾಜು ಒಡೆಯುತ್ತದೆ. ಒಂದೇ ಗೋಡೆಯಂತೆ ಕಟ್ಟದೆ ಮೂರು ಬೇರೆ ಗುಡ್ಡೆ ಮಾಡಿ, ನೀರಿನ ಮೂರನೇ ಎರಡರಷ್ಟು ಎತ್ತರಕ್ಕೆ. ಒಂದು ಗುಡ್ಡೆಯ ಹಿಂದೆ ನಿಂತ ಮೀನು ಇನ್ನೊಂದಕ್ಕೆ ಕಾಣಬಾರದು. ಕಾಣದಿದ್ದರೆ ಅಟ್ಟಿಸಿಕೊಂಡು ಹೋಗುವುದೂ ಇಲ್ಲ. ಪ್ರತಿ ಪೊಟರೆಗೂ ಎರಡು ಬಾಯಿ ಇರಲೇಬೇಕು. ಒಂದೇ ಬಾಯಿಯ ಪೊಟರೆಯೊಳಗೆ ಸಿಕ್ಕಿಬಿದ್ದ ಮೀನಿಗೆ ಹೊರಬರುವ ದಾರಿ ಇರುವುದಿಲ್ಲ.

ಹೊಸ ಮೀನುಗಳನ್ನು ಒಂದೊಂದಾಗಿ ಬಿಡಬೇಡಿ. ಕಲ್ಲಿನ ಜೋಡಣೆಯನ್ನೆಲ್ಲ ಬದಲಿಸಿ, ಲೈಟ್ ಆರಿಸಿ, ಗುಂಪಾಗಿ ಒಟ್ಟಿಗೆ ಬಿಡಿ. ಬೆಳಗಾಗುವಷ್ಟರಲ್ಲಿ ಹಳಬರಿಗೂ ಜಾಗ ಹೊಸದೇ ಆಗಿರುತ್ತದೆ.

ಇಷ್ಟು ಮೀನು ತುಂಬಿದರೆ ಭಾರ ಬೀಳುವುದು ಫಿಲ್ಟರ್ ಮೇಲೆ. ನಿಮ್ಮ ಟ್ಯಾಂಕಿನ ಅಳತೆಗೆ 255 ಲೀಟರ್, ಕಲ್ಲು-ಮರಳು ಕಳೆದರೆ 200ರ ಸುತ್ತಮುತ್ತ ಉಳಿಯುತ್ತದೆ. ಗಂಟೆಗೆ 1500 ಲೀಟರ್‌ಗೆ ಕಡಿಮೆಯಿಲ್ಲದ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಮೂರನೇ ಒಂದರಷ್ಟು ನೀರು ಬದಲಿಸಬೇಕು. ಕರೆಂಟು ಹೋದಾಗ ಮೊದಲು ಉಸಿರುಗಟ್ಟುವುದು ಇಂಥ ತುಂಬಿದ ಟ್ಯಾಂಕೇ, ಬ್ಯಾಟರಿಯ ಏರ್ ಪಂಪ್ ತಂದಿಟ್ಟುಕೊಳ್ಳಿ. ತಿನ್ನಿಸುವುದು ಸ್ಪಿರುಲಿನಾ (ನೀಲಿ-ಹಸಿರು ಪಾಚಿ) ಇರುವ ಕಾಳು, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಇವು ಬಂಡೆಯ ಪಾಚಿ ಕೆರೆದು ತಿನ್ನುವ ಕುಲ. ಮಾಂಸ, ರಕ್ತಹುಳು ಹೆಚ್ಚಾದರೆ ಹೊಟ್ಟೆ ಉಬ್ಬಿ ಸಾಯುತ್ತವೆ.

ದಿನಾ ನೋಡಬೇಕಾದ್ದು ಒಂದಿದೆ. ಏಟು ತಿಂದ ಮೀನು ಮೇಲಿನ ಮೂಲೆಯಲ್ಲಿ, ಫಿಲ್ಟರ್ ಕೊಳವೆಯ ಮಗ್ಗುಲಲ್ಲಿ ರೆಕ್ಕೆ ಮುದುರಿ ನಿಲ್ಲುತ್ತದೆ. ಬಾಲ ಹಲ್ಲು ಮುರಿದ ಬಾಚಣಿಗೆಯಂತೆ ಸೀಳಿರುತ್ತದೆ. ಕಾಳು ಹಾಕಿದರೂ ಕೆಳಗಿಳಿಯುವುದಿಲ್ಲ. ಅದನ್ನು ಆ ದಿನವೇ ಬೇರೆ ಮಾಡಿ, ನಾಳೆಗೆಂದು ಬಿಡಬೇಡಿ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಸಿಕ್ಲಿಡ್‌ಗಳಿಗೆ ಕ್ಯಾನ್‌ನ ಆರ್‌ಒ ನೀರು ಹಾಕಬೇಕೇ?
– ಓದುಗರು, ಬಂಗಾರಪೇಟೆ

ಉತ್ತರ: ಮಲಾವಿ ಮೀನುಗಳಿಗಾದರೆ ಬೇಡ. ಅವುಗಳ ಸರೋವರದ ನೀರೂ ಕ್ಷಾರದ್ದೇ, ಪಿಹೆಚ್ (ಆಮ್ಲ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ) 7.8ರಿಂದ 8.6ರವರೆಗೆ. ನಿಮ್ಮ ಗಡಸು ನೀರು ಅವಕ್ಕೆ ಒಗ್ಗುತ್ತದೆ. ಬರೀ ಆರ್‌ಒ ನೀರಿನಲ್ಲಿ ಪಿಹೆಚ್ ಹಿಡಿದಿಡುವ ಲವಣಗಳೇ ಇರುವುದಿಲ್ಲ, ದಿನ ಕಳೆದಂತೆ ಅದು ಕುಸಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಡ್ರಮ್ಮಿನಲ್ಲಿ ತುಂಬಿ ಒಂದು ರಾತ್ರಿ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಓಡಿಸಿ, ಆಮೇಲೆ ಹಾಕಿ.

ಒಂದು ಅಪಾಯ ಮಾತ್ರ ಗೊತ್ತಿರಲಿ. ಪಿಹೆಚ್ 7ರ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕೂ ಕಡಿಮೆ ಪಾಲು ವಿಷರೂಪದಲ್ಲಿರುತ್ತದೆ. ಪಿಹೆಚ್ 8ರಲ್ಲಿ ಅದು ಶೇ. 5ರ ಆಸುಪಾಸಿಗೆ ಏರುತ್ತದೆ. ಅಂದರೆ ಮಿಕ್ಕ ತಿಂಡಿ ಕೊಳೆತರೂ, ಫಿಲ್ಟರ್ ನಿಂತರೂ ಪಿಹೆಚ್ ಹೆಚ್ಚಿರುವ ಗಡಸು ನೀರಿನ ಟ್ಯಾಂಕಿಗೆ ಪೆಟ್ಟು ಜೋರು. ಹೊಸ ಟ್ಯಾಂಕ್ ಆದರೆ ಫಿಲ್ಟರ್‌ನಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಕಾಯಲೇಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಪ್ರಶ್ನೆ: ಗಣಿಯ ದಿಬ್ಬದ ನುಣುಪಾದ ಮಣ್ಣನ್ನು ಟ್ಯಾಂಕಿನ ತಳಕ್ಕೆ ಹಾಕಬಹುದೇ?
– ಓದುಗರು, ಕೆಜಿಎಫ್

ಉತ್ತರ: ಖಂಡಿತ ಬೇಡ. ಅದು ಮರಳಲ್ಲ. ಅದಿರನ್ನು ಪುಡಿ ಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದಾದ ಮೇಲೆ ಉಳಿದ ಶೇಷ. ಮನೆಯೊಳಗೇ ತರಬೇಡಿ. ನೀರು ತಿಳಿಯಾಗುವವರೆಗೆ ತೊಳೆದ ಸಣ್ಣ ಹೊಳೆಮರಳು ಒಂದೂವರೆ ಅಂಗುಲ ಹಾಕಿದರೆ ಸಾಕು.

ಪ್ರಶ್ನೆ: ಮೂರು ಅಡಿ ಟ್ಯಾಂಕಿನಲ್ಲಿ ಫ್ಲವರ್‌ಹಾರ್ನ್ ಇದೆ. ಜೊತೆಗೆ ಆಸ್ಕರ್ ಬಿಡಬಹುದೇ? ಗಾಜು ಶುಚಿ ಮಾಡಲು ಸಕ್ಕರ್?
– ಓದುಗರು, ತುಮಕೂರು

ಉತ್ತರ: ಎರಡೂ ಬೇಡ. ಆಸ್ಕರ್ ಒಂದು ಅಡಿಯವರೆಗೆ ಬೆಳೆಯುತ್ತದೆ, ಫ್ಲವರ್‌ಹಾರ್ನ್ ಸಹ ಹೆಚ್ಚುಕಡಿಮೆ ಅಷ್ಟೇ. ಮೂರು ಅಡಿಯಲ್ಲಿ ಸೋತ ಮೀನಿಗೆ ಓಡಲು ಜಾಗವೇ ಇಲ್ಲ. ಸಣ್ಣ ಸಕ್ಕರ್‌ನ್ನು ಫ್ಲವರ್‌ಹಾರ್ನ್ ನುಂಗಲು ಹೋದರೆ ಅದರ ರೆಕ್ಕೆಯ ಮುಳ್ಳು ಸೆಟೆದು ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯಬಹುದು. ಗಾಜನ್ನು ಕೈಯಿಂದಲೇ ಉಜ್ಜಿ. ಎರಡನ್ನೂ ಸಾಕಲೇಬೇಕೆಂದರೆ ದೊಡ್ಡ ಟ್ಯಾಂಕ್ ತಂದು ನಡುವೆ ಐದು ಮಿಲಿಮೀಟರ್ ದಪ್ಪದ, ಆರಪಾರ ಕಾಣದ ಅಕ್ರಿಲಿಕ್ ಹಲಗೆ ನಿಲ್ಲಿಸಿ. ಎರಡೂ ಬದಿಗೆ ಗಾಜಿನ ಪಟ್ಟಿ ಸಿಲಿಕೋನ್‌ನಿಂದ ಅಂಟಿಸದಿದ್ದರೆ ಗುದ್ದಿ ಬೀಳಿಸುತ್ತವೆ. ಸಾಕಲಾಗದೆ ಹೋದರೆ ಅಂಗಡಿಗೆ ಹಿಂದಿರುಗಿಸಿ. ಅಮಾನಿಕೆರೆಗಾಗಲಿ ಯಾವ ಕೆರೆಗಾಗಲಿ ದಯವಿಟ್ಟು ಬಿಡಬೇಡಿ, ಅಲ್ಲಿನ ಮೀನಿಗೆ ಅದು ಕೇಡು.

ಪ್ರಶ್ನೆ: ಕಾನ್ವಿಕ್ಟ್ ಸಿಕ್ಲಿಡ್ ಜೋಡಿ ಕುಂಡದೊಳಗೆ ಮೊಟ್ಟೆ ಇಟ್ಟಿದೆ. ಉಳಿದ ಮೀನುಗಳೆಲ್ಲ ಒಂದೇ ಮೂಲೆ ಸೇರಿವೆ. ಮೊಟ್ಟೆ ತೆಗೆಯಲೇ?
– ಓದುಗರು, ತಿಪಟೂರು

ಉತ್ತರ: ತೆಗೆದರೆ ಸ್ವಲ್ಪ ದಿನದಲ್ಲೇ ಮತ್ತೆ ಇಡುತ್ತವೆ. ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆಯುತ್ತದೆ, ಮರಿ ಈಜತೊಡಗಿದ ಮೇಲೆ ತಂದೆ-ತಾಯಿಯ ಕಾವಲು ವಾರಗಟ್ಟಲೆ ನಡೆಯುತ್ತದೆ. ಜೋಡಿಯನ್ನು ಕುಂಡದ ಸಮೇತ ಎರಡು ಅಡಿಯ ಬೇರೆ ಟ್ಯಾಂಕಿಗೆ ಸಾಗಿಸಿ. ಮರಿಯೇ ಬೇಡವೆಂದರೆ ಗಂಡು-ಹೆಣ್ಣು ಬೇರೆ ಮಾಡಿ. ಹೊಟ್ಟೆಯ ಬಳಿ ಕಿತ್ತಳೆ ಹುರುಪೆ ಇರುವುದು ಹೆಣ್ಣು. ಗಾತ್ರ ದೊಡ್ಡದಾಗಿ, ರೆಕ್ಕೆಯ ತುದಿ ಉದ್ದಕ್ಕೆ ಇಳಿದಿರುವುದು ಗಂಡು.

ಪ್ರಶ್ನೆ: ಎರಡು ಗಂಡು ಫೈಟರ್‌ಗಳನ್ನು ಅಕ್ಕಪಕ್ಕದ ಜಾಡಿಗಳಲ್ಲಿ ಇಡಬಹುದೇ?
– ಓದುಗರು, ಮಾಲೂರು

ಉತ್ತರ: ನಡುವೆ ರಟ್ಟು ನಿಲ್ಲಿಸಿ ಇಡಬಹುದು. ಇಡೀ ದಿನ ಒಂದನ್ನೊಂದು ನೋಡುತ್ತ ಕಿವಿರು ಅಗಲಿಸಿಕೊಂಡೇ ಇದ್ದರೆ ಎರಡೂ ಸೊರಗುತ್ತವೆ. ಜಾಡಿ ಅಂದಿರಿ, ಒಂದೊಂದಕ್ಕೂ ಹದಿನೈದು-ಇಪ್ಪತ್ತು ಲೀಟರ್ ನೀರು, ಮೇಲೆ ಮುಚ್ಚಳ, ಒಂದು ಸ್ಪಂಜ್ ಫಿಲ್ಟರ್ ಬೇಕು.